ಭಾನುವಾರದ ಪುಕ್ಕಟೆ ಕರೆಂಟು

ಕರೆಂಟು ಕಂಪನಿಯವರು ಫೋನಿನಲ್ಲಿ ಮಾತಾಡುವ ಕೆಲಸಕ್ಕೆ ಅಷ್ಟು ಮೃದು ಸ್ವಭಾವದ ಹುಡುಗಿಯರನ್ನು ಇಟ್ಟುಕೊಳ್ಳಲೇಬಾರದು. ಇದು ನನ್ನ ದೂರು. ಯಾರಾದರೂ ಒರಟ ಫೋನು ಮಾಡಿದ್ದರೆ 'ಏನೂ ಬೇಡ ಹೋಗಯ್ಯ' ಎಂದು ಇಟ್ಟುಬಿಡುತ್ತಿದ್ದೆ. ನನ್ನ ಮಾನವೂ ಉಳಿಯುತ್ತಿತ್ತು, ನನ್ನ ಅತ್ತೆಯವರ ಮಾನವೂ ಉಳಿಯುತ್ತಿತ್ತು. ಈ ಹುಡುಗಿ ಮೊದಲ ಮಾತಿಗೇ "ಸರ್, ಇವತ್ತು ಹೇಗಿದ್ದೀರಿ?" ಎಂದುಬಿಟ್ಟಳು. ನಾನು ಹೇಗಿದ್ದೇನೆಂದು ನಮ್ಮ ಮನೆಯಲ್ಲಿ ಯಾರಾದರೂ ಕೇಳಿ ಹನ್ನೊಂದು ವರ್ಷವಾಗಿದೆ. (ಅತ್ತೆಯವರು ನಮ್ಮ ಜೊತೆಗಿರಲು ಬಂದೂ ಹನ್ನೊಂದು ವರ್ಷವೇ. ಸುಮ್ಮನೆ ಹೇಳಿದೆ.) ನಾನು ಬೆಣ್ಣೆಯಂತೆ ಕರಗಿಹೋದೆ.

"ಹೊಸ ಮೀಟರು ಹಾಕಿಸಿದ್ದೀರಲ್ಲ ಸರ್, ಅದಕ್ಕೆ ಅಂತಲೇ ಒಂದು ಹೊಸ ಪ್ಲಾನು ಬಂದಿದೆ. ವಾರದಲ್ಲಿ ಒಂದು ದಿನ ಪೂರ್ತಿ ಕರೆಂಟು ಪುಕ್ಕಟೆ. ಎಷ್ಟು ಬೇಕಾದ್ರೂ ಉರಿಸಿ."

"ಎಷ್ಟು ಬೇಕಾದ್ರೂ?"

"ಎಷ್ಟು ಬೇಕಾದ್ರೂ ಸರ್. ಉಳಿದ ಆರು ದಿನ ದರ ಒಂಚೂರು ಜಾಸ್ತಿ, ಅಷ್ಟೇ."

'ಒಂಚೂರು' ಎನ್ನುವಾಗ ಅವಳ ದನಿ ಎಷ್ಟು ಸಣ್ಣಗಾಯಿತೆಂದರೆ, ಅದು ನನಗೆ ಕೇಳಿಸಲಿಲ್ಲವೆಂದೇ ನಾನು ಈಗಲೂ ವಾದಿಸುತ್ತೇನೆ.

"ಯಾವ ದಿನ ಬೇಕು ಅಂತ ನೀವೇ ಆರಿಸ್ಕೊಳ್ಳಿ ಸರ್. ಮನೆಮಂದಿಯೆಲ್ಲ ಜೊತೆಯಲ್ಲಿರೋ ದಿನ ಯಾವುದು?"

ಇದೂ ಒಂದು ಪ್ರಶ್ನೆಯೇ? ನಮ್ಮ ಟೊಂಗಾ ದ್ವೀಪದ ಯಾವ ಮನುಷ್ಯನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಉತ್ತರ ಒಂದೇ. "ಭಾನುವಾರ ತಾಯೀ, ಇನ್ಯಾವುದು!" ಎಂದೆ. "ಒಳ್ಳೆ ಆಯ್ಕೆ ಸರ್" ಎಂದಳು. ಒಳ್ಳೆ ಆಯ್ಕೆ ಎಂದು ನನಗೆ ಯಾರಾದರೂ ಹೇಳಿ ಬಹಳ ವರ್ಷವಾಗಿತ್ತು.

ನನ್ನ ಹೆಸರು ಮೊಸೆಸೆ. ಆಕ್ಲಂಡಿನ ತೆಂಕಣ ಬಡಾವಣೆಗಳಲ್ಲಿ ಇಪ್ಪತ್ತಾರು ವರ್ಷದಿಂದ ಸಿಟಿ ಬಸ್ಸು ಓಡಿಸುತ್ತಿದ್ದೇನೆ. ಒಂದು ದಿನವೂ ಒಂದು ನಿಮಿಷ ತಡವಾಗಿಲ್ಲ. ಅಂಥ ಸಮಯಪಾಲಕನಾದ ನಾನು ಎದೆಯುಬ್ಬಿಸಿಕೊಂಡು ಅಡುಗೆಮನೆಗೆ ನುಗ್ಗಿದೆ. ನನ್ನ ಹೆಂಡತಿ ಲುಪೆ ಕೆಸುವಿನ ಗೆಡ್ಡೆ ಹೆರೆಯುತ್ತಿದ್ದಳು. ವಿಷಯವನ್ನು ರಾಜಾಜ್ಞೆಯ ಹಾಗೆ ಘೋಷಿಸಿದೆ. ಅವಳು ಚಾಕು ಕೆಳಗಿಟ್ಟಳು. ಅವಳು ಚಾಕು ಕೆಳಗಿಟ್ಟರೆ ನನಗೆ ಭಯ ಜಾಸ್ತಿ.

"ರೀ, ಭಾನುವಾರ ನಾವೇನು ಮಾಡ್ತೀವಿ?"

"ಚರ್ಚಿಗೆ ಹೋಗ್ತೀವಿ."

"ಬಂದ ಮೇಲೆ?"

"ಊಟ."

"ಅಡುಗೆ ಎಲ್ಲಿ ಆಗುತ್ತೆ?"

"ಹಿತ್ತಲಲ್ಲಿ. ಉಮುವಿನಲ್ಲಿ."

"ಗುಂಡಿಯೊಳಗೆ ಕಾದ ಕಲ್ಲಿಟ್ಟು, ಮೇಲೆ ಮಣ್ಣು ಮುಚ್ಚೋ ಆ ಉಮುವಿಗೆ ಕರೆಂಟು ಬೇಕಾ?"

"ಕಟ್ಟಿಗೆ ಬೇಕು" ಎಂದೆ. ನನ್ನ ದನಿ ಆಗಲೇ ಇಳಿಯತೊಡಗಿತ್ತು.

"ಬಟ್ಟೆ ಒಗಿತೀವಾ?"

"ಭಾನುವಾರವಾ? ಅಯ್ಯೋ ದೇವರೇ, ಬಿಡ್ತು ಅನ್ನು!"

"ಇಸ್ತ್ರಿ?"

"ಶನಿವಾರವೇ ಆಗಿರುತ್ತೆ."

"ಟೀವಿ?"

"ಅತ್ತೆ ಅದರ ಮೇಲೆ ಬಟ್ಟೆ ಹೊದಿಸಿರ್ತಾರೆ."

"ಊಟ ಆದ ಮೇಲೆ?"

"ನಿದ್ದೆ."

"ನಿದ್ದೆ ಮಾಡೋಕೆ ಕರೆಂಟು ಬೇಕಾ ನಿಮಗೆ? ವಾರದಲ್ಲಿ ಏಳು ದಿನ ಇದ್ದವಲ್ರೀ, ಆ ಏಳರಲ್ಲಿ ನಾವು ಒಂದು ಸ್ವಿಚ್ಚೂ ಮುಟ್ಟದ ದಿನವನ್ನೇ ಹುಡುಕಿ ಹುಡುಕಿ ಆರಿಸಿದ್ದೀರಲ್ಲ, ನಿಮ್ಮ ಬುದ್ಧಿಗೆ ಏನು ಹೇಳ್ಲಿ!"

ನಮ್ಮ ದ್ವೀಪದಲ್ಲಿ ಭಾನುವಾರ ಅಂಗಡಿ ತೆರೆಯುವುದಿಲ್ಲ, ವಿಮಾನ ಇಳಿಯುವುದಿಲ್ಲ, ಹುಡುಗರು ಚೆಂಡು ಮುಟ್ಟುವುದಿಲ್ಲ. ಇಲ್ಲಿಗೆ ಬಂದು ಇಷ್ಟು ವರ್ಷವಾದರೂ ನಮ್ಮ ಮನೆಯಲ್ಲಿ ಅದೇ ಕಾನೂನು ನಡೆಯುತ್ತದೆ, ಅದನ್ನು ಜಾರಿಯಲ್ಲಿಡಲು ಅತ್ತೆ ಮೆಲೆನೈಟೆಯವರು ಇದ್ದಾರೆ. (ಉಮುವಿಗೆ ಬೆಂಕಿ ಹಾಕುವುದು ಕೆಲಸವಲ್ಲವೇ ಎಂದು ನನ್ನನ್ನು ಕೇಳಬೇಡಿ. ಅವರನ್ನು ಕೇಳಿ. ನಾನು ಒಮ್ಮೆ ಕೇಳಿ ನೋಡಿದ್ದೇನೆ.) ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಆ ಹುಡುಗಿ ಅಷ್ಟು ನಯವಾಗಿ ಕೇಳಿದಾಗ ಮರೆತುಹೋಗಿತ್ತು.

"ಈಗಲೇ ಫೋನು ಮಾಡಿ ಶನಿವಾರ ಮಾಡಿಸಿ. ದಿನ ಬದಲಾಯಿಸೋಕೆ ಆಗುತ್ತಂತೆ, ಪಕ್ಕದ ಮನೆಯವರು ಹೇಳ್ತಿದ್ರು" ಎಂದಳು ಲುಪೆ.

ಆಗ ಫೋನು ಮಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆ ಮೃದುದನಿಯ ಹುಡುಗಿಯ ಮುಂದೆ 'ತಾಯೀ, ನನ್ನ ಹೆಂಡತಿ ಬೈದಳು' ಎಂದು ಹೇಳುವುದು ಹೇಗೆ? "ನಾನು ಕೊಟ್ಟ ಮಾತು ಹಿಂದಕ್ಕೆ ತಗೊಳ್ಳೋ ಗಂಡಸಲ್ಲ. ಭಾನುವಾರದ ಕರೆಂಟನ್ನ ಹೇಗೆ ಬಳಸಬೇಕು ಅಂತ ನನಗೆ ಗೊತ್ತು" ಎಂದು ಹೇಳಿ ಹೊರಗೆ ಬಂದೆ. ಹೇಗೆ ಬಳಸಬೇಕೆಂದು ನನಗೆ ಸುತರಾಂ ಗೊತ್ತಿರಲಿಲ್ಲ.

ಮೊದಲ ಭಾನುವಾರ ಬೆಳಗ್ಗೆ ಎದ್ದವನೇ ಮನೆಯ ದೀಪಗಳನ್ನೆಲ್ಲ ಹಾಕಿದೆ. ಅತ್ತೆ ಬಂದು ಒಂದೊಂದಾಗಿ ಆರಿಸಿದರು. ಹೀಟರು ಹಾಕಿದೆ. ಮನೆ ಬಿಸಿಯಾದ ಸುಖಕ್ಕೆ ನಾಲ್ವರು ನೆಂಟರು ಊಟವಾದ ಮೇಲೂ ಎದ್ದು ಹೋಗಲಿಲ್ಲ. ಅತ್ತೆ ಬೀಸಣಿಗೆ ತೆಗೆದುಕೊಂಡು ಬೀಸಿಕೊಳ್ಳುತ್ತ, "ಲುಪೆ, ನಿನ್ನ ಗಂಡ ನಮಗೆ ನರಕದ ರುಚಿ ತೋರಿಸ್ತಾ ಇದ್ದಾನೆ. ಪ್ರಸಂಗಕ್ಕೆ ಅಭ್ಯಾಸ ಮಾಡ್ಕೊಳ್ತಿರಬೇಕು" ಎಂದರು.

ಪ್ರಸಂಗದ ಮಾತು ಬಂತಲ್ಲ, ಅದನ್ನು ಹೇಳಿಬಿಡುತ್ತೇನೆ. ನಮ್ಮ ಸಭೆಯಲ್ಲಿ ಪಾದ್ರಿಗಳಲ್ಲದೆ ಸಾಮಾನ್ಯ ಗೃಹಸ್ಥರೂ ಸರದಿಯ ಮೇಲೆ ಪ್ರಸಂಗ, ಎಂದರೆ ಧರ್ಮಬೋಧನೆ, ಮಾಡುತ್ತಾರೆ. ಅವರ ಹೆಸರು ಒಂದು ಪಟ್ಟಿಯಲ್ಲಿರುತ್ತದೆ, ಆ ಪಟ್ಟಿ ಚರ್ಚಿನ ಬಾಗಿಲಲ್ಲಿ ತೂಗುತ್ತದೆ. ನನ್ನ ಮಾವ ಆ ಪಟ್ಟಿಯಲ್ಲಿ ನಲವತ್ತು ವರ್ಷ ಇದ್ದರು. ಆ ಪಟ್ಟಿಯಲ್ಲಿ ಹೆಸರಿಲ್ಲದ ಗಂಡಸೆಂದರೆ ಅತ್ತೆಯವರ ಲೆಕ್ಕಕ್ಕೆ ಕುರ್ಚಿ, ಮೇಜಿನ ಹಾಗೆ ಮನೆಯಲ್ಲಿರುವ ಒಂದು ಸಾಮಾನು. ಹನ್ನೊಂದು ವರ್ಷ ಸಾಮಾನಾಗಿದ್ದ ನನಗೆ ಕೊನೆಗೂ ಪಾದ್ರಿ ಹವಿಲಿಯವರು ಅವಕಾಶ ಕೊಟ್ಟಿದ್ದರು. ಬರುವ ಭಾನುವಾರ ಮಧ್ಯಾಹ್ನ ನಾಲ್ಕರ ಆರಾಧನೆಯಲ್ಲಿ ನನ್ನ ಪರೀಕ್ಷೆಯ ಪ್ರಸಂಗ. ಗೆದ್ದರೆ ಪಟ್ಟಿಗೆ ಹೆಸರು. ಸೋತರೆ ಮತ್ತೆ ಸಾಮಾನು. ವಿಷಯವನ್ನು ಪಾದ್ರಿಗಳೇ ಕೊಟ್ಟಿದ್ದರು: ಸಬ್ಬತ್ತಿನ, ಎಂದರೆ ಕೆಲಸ ಬಿಟ್ಟು ದೇವರಿಗೆ ಮೀಸಲಿಟ್ಟ, ದಿನವನ್ನು ಪರಿಶುದ್ಧವಾಗಿ ಇಟ್ಟುಕೊಳ್ಳುವುದು. ಅಂದು ಮಧ್ಯಾಹ್ನ ಪಾದ್ರಿಗಳು, ಸಭೆಯ ಹಿರಿಯರಾದ ಫೊಲಾವು ಮತ್ತು ಅವರ ಹೆಂಡತಿ ಆಕಾನೆಸಿ ನಮ್ಮಲ್ಲೇ ಊಟಕ್ಕೆ ಬರುವವರಿದ್ದರು.

ಆ ವಾರವೆಲ್ಲ ನಾನು ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಸಬ್ಬತ್ತಿನ ಬಗ್ಗೆ ಗುಡುಗಿದೆ. ಹದಿನೇಳು ಪುಟ ಬರೆದಿದ್ದೆ. ಲುಪೆ ಎರಡು ಮೂರು ಸಲ "ರೀ, ಒಂದು ವಿಷಯ..." ಎಂದು ಬಾಗಿಲು ತಟ್ಟಿದಳು. "ದೇವರ ವಾಕ್ಯಕ್ಕೆ ಅಡ್ಡ ಬರಬೇಡ!" ಎಂದು ಒಳಗಿಂದಲೇ ಗದರಿದೆ.

ಇಷ್ಟೆಲ್ಲ ಗುಡುಗಿದವನ ತಲೆಯಲ್ಲಿ ಇನ್ನೊಂದು ಹುಳ ಕೊರೆಯುತ್ತಿತ್ತು. ಇನ್ನೊಂದು ಪುಕ್ಕಟೆ ಭಾನುವಾರ ಕೈಬಿಟ್ಟು ಹೋಗುತ್ತದಲ್ಲ! ಒಂದು ಸಲವಾದರೂ, ಒಂದೇ ಸಲ, ಆ ಕರೆಂಟಿನಿಂದ ಉಪಯೋಗವಾಗುವ ಒಂದು ಕೆಲಸ ಮಾಡಿಸಿ ಲುಪೆಯ ಬಾಯಿ ಮುಚ್ಚಿಸಬೇಕು. ಯೋಚಿಸಿ ಯೋಚಿಸಿ ಉಪಾಯ ಹೊಳೆಯಿತು. ನಮ್ಮ ಬಟ್ಟೆ ಒಗೆಯುವ ಮೆಷೀನಿಗೆ 'ಇಷ್ಟು ಗಂಟೆಯಾದ ಮೇಲೆ ಶುರುಮಾಡು' ಎಂದು ಹೇಳುವ ಗುಂಡಿ ಇದೆ. ಶನಿವಾರ ಸಂಜೆ ಬಟ್ಟೆ ತುಂಬುವುದು, ಶನಿವಾರ ಸಂಜೆಯೇ ಗುಂಡಿ ಒತ್ತುವುದು. ನನ್ನ ಕೆಲಸ ಶನಿವಾರವೇ ಮುಗಿಯಿತು. ಭಾನುವಾರ ಕೆಲಸ ಮಾಡುವುದು ಮೆಷೀನು, ಅದಕ್ಕಂತೂ ದೀಕ್ಷಾಸ್ನಾನ ಆಗಿಲ್ಲ. ಇದರಲ್ಲಿ ಎಲ್ಲಿದೆ ಪಾಪ? ಹದಿನೇಳು ಪುಟ ಬರೆದವನಿಗೆ ಇಷ್ಟು ಧರ್ಮಸೂಕ್ಷ್ಮ ತಿಳಿಯದೇ?

ಚಳಿಗಾಲ ಮುಗಿದಿತ್ತು. ಅತ್ತೆಯವರ ಎರಡು ದಪ್ಪ ಕಂಬಳಿ, ಹಾಸಿಗೆಯ ಹೊದಿಕೆಗಳು ಒಗೆಯುವುದಕ್ಕೆಂದು ಮೂಲೆಯಲ್ಲಿ ಬಿದ್ದಿದ್ದವು. ಶನಿವಾರ ಸಂಜೆ ಆರು ಗಂಟೆಗೆ ಸರಿಯಾಗಿ ಅವನ್ನು ತುರುಕಿ, ಹದಿನಾರು ಗಂಟೆ ಎಂದು ಒತ್ತಿದೆ. ಬೆಳಗ್ಗೆ ಹತ್ತಕ್ಕೆ ಶುರು, ಆಗ ನಾವೆಲ್ಲ ಚರ್ಚಿನಲ್ಲಿರುತ್ತೇವೆ. ಎರಡು ಗಂಟೆಯ ಒಗೆತ, ಹನ್ನೆರಡಕ್ಕೆ ಮುಕ್ತಾಯ. ಹನ್ನೆರಡೂವರೆಗೆ ಅತಿಥಿಗಳ ಜೊತೆ ಬಂದರೆ ಮೆಷೀನು ಸಾಧುವಿನಂತೆ ಕೂತಿರುತ್ತದೆ. ಬಸ್ಸಿನ ವೇಳಾಪಟ್ಟಿಯೂ ಇಷ್ಟು ಚೊಕ್ಕವಾಗಿರುವುದಿಲ್ಲ.

ಬೆಳಗಿನ ಆರಾಧನೆಯಲ್ಲಿ ನನ್ನಷ್ಟು ಭಕ್ತಿಯಿಂದ ಯಾರೂ ಹಾಡಲಿಲ್ಲ. ನಾನು ಹಾಡುವಾಗ ಮನೆಯಲ್ಲಿ ಪುಕ್ಕಟೆ ಕರೆಂಟು ಹರಿಯುತ್ತಿದೆ ಎಂಬ ಆನಂದ ಬೇರೆ.

ಹನ್ನೆರಡೂವರೆಗೆ ಮನೆಗೆ ಬಂದೆವು. ಉಮು ತೆಗೆದು ಹಂದಿಮಾಂಸ, ಗೆಣಸು, ಕೆಸುವಿನೆಲೆಯಲ್ಲಿ ಮಾಂಸ ಸುತ್ತಿ ತೆಂಗಿನ ಹಾಲಲ್ಲಿ ಬೇಯಿಸಿದ ಲೂ ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿದ್ದಾಯಿತು. ಪಾದ್ರಿಗಳು ನಡುವೆ, ಎಡಕ್ಕೆ ಫೊಲಾವು, ಬಲಕ್ಕೆ ಆಕಾನೆಸಿ. ಈ ಆಕಾನೆಸಿಯವರೆಂದರೆ ನಮ್ಮ ಸಭೆಯ ವಾರ್ತಾ ಇಲಾಖೆ. ಅತ್ತೆ ಮೇಜಿನ ತುದಿಯಲ್ಲಿ ರಾಣಿಯಂತೆ ಕೂತರು. ಎಲ್ಲರೂ ತಲೆ ತಗ್ಗಿಸಿದೆವು. ಪಾದ್ರಿಗಳು ಪ್ರಾರ್ಥನೆ ಶುರುಮಾಡಿದರು.

ಆಗ ಪಕ್ಕದ ಕೋಣೆಯಿಂದ 'ಗುಳುಗುಳು' ಎಂದು ನೀರು ಇಳಿಯುವ ಸದ್ದು ಕೇಳಿಸಿತು.

ಕಣ್ಣು ಬಿಟ್ಟು ಗೋಡೆಯ ಗಡಿಯಾರ ನೋಡಿದೆ: ಹನ್ನೆರಡು ಗಂಟೆಗೆ ಹತ್ತು ನಿಮಿಷ ಇತ್ತು. ಕೈಗಡಿಯಾರ ಕಟ್ಟಿರಲಿಲ್ಲ, ಮೆಲ್ಲಗೆ ಜೇಬಿನ ಫೋನು ಇಣುಕಿ ನೋಡಿದೆ: ಒಂದಕ್ಕೆ ಹತ್ತು ನಿಮಿಷ. ಆಗ ಹೊಳೆಯಿತು. ಹಿಂದಿನ ರಾತ್ರಿ ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳುವ ರಾತ್ರಿ! ಹಗಲಿನ ಬೆಳಕು ಉಳಿಸಲೆಂದು ಪ್ರತಿ ವರ್ಷ ವಸಂತದಲ್ಲಿ ಇಲ್ಲಿ ಮಾಡುವಂಥದ್ದು. ಫೋನುಗಳು ತಮ್ಮಷ್ಟಕ್ಕೆ ತಿದ್ದಿಕೊಂಡಿದ್ದವು, ನಾವು ಫೋನು ನೋಡಿಕೊಂಡು ಚರ್ಚಿಗೆ ಹೋಗಿದ್ದೆವು. ಮೆಷೀನಿಗೆ ಇದನ್ನೆಲ್ಲ ಯಾರು ಹೇಳಬೇಕು? ಅದು ಪಾಪ, ನಾನು ಹೇಳಿದ ಹದಿನಾರು ಗಂಟೆಯನ್ನು ಪ್ರಾಮಾಣಿಕವಾಗಿ ಎಣಿಸಿ ಒಂದು ಗಂಟೆ ತಡವಾಗಿ ಎದ್ದಿತ್ತು. ಇಪ್ಪತ್ತಾರು ವರ್ಷದಲ್ಲಿ ನಾನು ಮೊದಲ ಸಲ ತಡವಾಗಿದ್ದೆ.

"...ಕರ್ತನೇ, ಈ ಮನೆಯ ಮೇಲೆ ನಿನ್ನ ಶಾಂತಿ..." ಎಂದರು ಪಾದ್ರಿಗಳು.

'ಗುರ್ರ್ರ್ರ್' ಎಂದಿತು ಮೆಷೀನು. ನೀರು ಹಿಂಡುವ ಹೊತ್ತು. ನಮ್ಮ ಮೆಷೀನು ಹಳೆಯದು, ಹಿಂಡುವಾಗ ಕುಣಿಯುತ್ತದೆ. ಒಳಗೆ ನೀರು ಕುಡಿದ ಕಂಬಳಿಗಳಿದ್ದರೆ ನಡೆದಾಡುತ್ತದೆ. ಲೋಟಗಳು ನಡುಗಿದವು. ಪಾದ್ರಿಗಳು "ಆಮೆನ್" ಎಂದದ್ದು ಯಾರಿಗೂ ಕೇಳಿಸಲಿಲ್ಲ, ಅವರ ತುಟಿ ನೋಡಿಕೊಂಡು ನಾವೂ ಆಮೆನ್ ಎಂದೆವು.

"ಅದೇನು ಸದ್ದು?" ಎಂದರು ಫೊಲಾವು, ಹುಬ್ಬು ಗಂಟಿಕ್ಕಿ. "ಬಟ್ಟೆ ಒಗೆಯೋ ಮೆಷೀನಾ? ಭಾನುವಾರ?"

ಲುಪೆ ನನ್ನನ್ನು ನೋಡಿದಳು. ಆ ನೋಟವನ್ನು ವರ್ಣಿಸಲಾರೆ. ನಾನು ಬಾಯಿ ತೆರೆದೆ. ಪಟ್ಟಿ, ಹೆಸರು, ಹದಿನೇಳು ಪುಟ ಎಲ್ಲವೂ ಆ ಮೆಷೀನಿನೊಳಗೆ ಗಿರಗಿರ ತಿರುಗುತ್ತಿರುವಂತೆ ಕಂಡಿತು.

"ಅದು ನಂದು" ಎಂದರು ಅತ್ತೆ.

ಎಲ್ಲರೂ ಅವರ ಕಡೆ ತಿರುಗಿದೆವು. ಎಂಬತ್ತೊಂದು ವರ್ಷದ ಮುದುಕಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. "ನನ್ನ ಕಂಬಳಿ. ರಾತ್ರಿ ಹಾಸಿಗೇಲೇ... ವಯಸ್ಸಾಯ್ತಲ್ಲ ಪಾದ್ರಿಗಳೇ. ತಡಕೊಳ್ಳೋಕೆ ಆಗ್ಲಿಲ್ಲ. ಹಾಗೇ ಬಿಟ್ಟು ಅತಿಥಿಗಳನ್ನ ಕೂರಿಸೋದು ಹ್ಯಾಗೆ? ನಾನೇ ಹಾಕಿದೆ."

ಒಂದು ಕ್ಷಣ ಮೆಷೀನು ಕೂಡ ಸುಮ್ಮನಾಯಿತು. ಪಾದ್ರಿಗಳ ಮುಖ ಮೆತ್ತಗಾಯಿತು. "ಅದಕ್ಕೇನಮ್ಮಾ, ಅಗತ್ಯದ ಕೆಲಸಕ್ಕೆ ದೋಷವಿಲ್ಲ" ಎಂದರು. ಫೊಲಾವು ಗೆಣಸಿನ ಕಡೆ ನೋಡಿದರು. ಆಕಾನೆಸಿ "ಅಯ್ಯೋ ಪಾಪ, ಪಾಪ" ಎಂದು ಅತ್ತೆಯ ಕೈ ಸವರಿದರು. ಆ ಕೈ ಸವರಿಸಿಕೊಂಡದ್ದನ್ನು ನಾನು ಹನ್ನೊಂದು ವರ್ಷದಲ್ಲಿ ನೋಡಿರಲಿಲ್ಲ.

ನಾನು ಬಚಾವಾದೆ. ಲೂ ಬಡಿಸಿದರು. ತಿನ್ನದೆ ಅತ್ತೆಯ ಕಡೆಯೇ ನೋಡುತ್ತ ಕೂತೆ. ಬಿದ್ದು ಕಾಲು ಮುರಿದುಕೊಂಡಾಗಲೂ ಯಾರ ಕೈಯನ್ನೂ ಹಿಡಿಯದೆ ಆಂಬುಲೆನ್ಸಿನವರೆಗೆ ನಡೆದು ಹೋದ ಹೆಂಗಸು ಅವರು. ಸ್ನಾನಕ್ಕೆ ಮಗಳ ಸಹಾಯವನ್ನೂ ಬೇಡವೆನ್ನುವವರು. ಅಂಥವರು ಮೂರು ಜನ ಹೊರಗಿನವರ ಮುಂದೆ, ಅದೂ ವಾರ್ತಾ ಇಲಾಖೆಯ ಮುಂದೆ, ಹಾಸಿಗೆಯಲ್ಲಿ ಒದ್ದೆ ಮಾಡಿಕೊಂಡೆ ಎಂದು ಹೇಳಿದ್ದರು. ಯಾರಿಗೋಸ್ಕರ? ಅವರು ಸಾಮಾನಿನ ಲೆಕ್ಕಕ್ಕೆ ಹಿಡಿದಿದ್ದ ಅಳಿಯನಿಗೋಸ್ಕರ.

ಆಕಾನೆಸಿ ಎರಡು ಗಂಟೆಗೆ ಹಾಡಿನ ಅಭ್ಯಾಸವಿದೆಯೆಂದು ಬೇಗ ಎದ್ದು ಹೊರಟರು. ಸಾಮಾನ್ಯವಾಗಿ ನಿಧಾನ ನಡೆಯುವವರು ಅಂದು ಓಡುವಂತೆ ಹೋದರು. ಬಾಗಿಲು ಹಾಕಿದ ಸದ್ದಾದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಪಾದ್ರಿಗಳೇ, ಅತ್ತೆ ಹೇಳಿದ್ದು ಸುಳ್ಳು. ಮೆಷೀನು ನಾನು ಹಾಕಿದ್ದು. ನಿನ್ನೆ ಸಂಜೆ ಗುಂಡಿ ಒತ್ತಿಟ್ಟಿದ್ದೆ. ಭಾನುವಾರ ನಮಗೆ ಕರೆಂಟು ಪುಕ್ಕಟೆ, ಆ ಆಸೆಗೆ."

ಎಲ್ಲರಿಗಿಂತ ಮೊದಲು ಸಿಡಿದವರು ಅತ್ತೆ. "ಮುಠ್ಠಾಳ! ನನ್ನ ಮಾನ ಕೊಟ್ಟು ನಿನ್ನನ್ನ ಬಿಡಿಸಿದ್ದೆ, ಅದನ್ನೂ ನೀರಲ್ಲಿ ಹಾಕಿದೆಯಲ್ಲೋ! ಈಗ ನಾನು ಭಾನುವಾರ ಪಾದ್ರಿಗಳ ಮುಂದೆ ಸುಳ್ಳು ಹೇಳಿದವಳಾದೆ!"

"ನೀವ್ಯಾಕೆ ಹೇಳಿದ್ರಿ ಅತ್ತೆ?"

"ಮತ್ತೇನು ಮಾಡ್ಲಿ? ಬಾಯಿ ತೆಕ್ಕೊಂಡು ಮೀನಿನ ಹಾಗೆ ಕೂತಿದ್ದೆ. ನನ್ನ ಮಗಳ ಗಂಡ ಅಲ್ವಾ ನೀನು? ವಾರದಿಂದ ಬಚ್ಚಲಲ್ಲಿ ನಿಂತು ಕೂಗಾಡಿದ್ದೆಲ್ಲ ವ್ಯರ್ಥ ಆಗ್ಬಾರ್ದು ಅಂತ."

"ಪರೀಕ್ಷೆಯ ಪ್ರಸಂಗ ಸಬ್ಬತ್ತಿನ ಬಗ್ಗೆ, ಮನೆಯಲ್ಲಿ ಸಬ್ಬತ್ತಿನ ದಿನ ಒಗೆತ! ಪಟ್ಟಿಯ ವಿಚಾರ ಇನ್ನು ಮಾತಾಡೋದೇ ಬೇಡ" ಎಂದರು ಫೊಲಾವು, ಹಂದಿಮಾಂಸದ ಇನ್ನೊಂದು ತುಂಡು ಹಾಕಿಕೊಳ್ಳುತ್ತ.

ಲುಪೆ ಅಷ್ಟು ಹೊತ್ತಿಗೆ ಬಾಯಿ ಬಿಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಭಯಂಕರವಾಗಿತ್ತು. "ರೀ, ಭಾನುವಾರ ಪುಕ್ಕಟೆ ಅಂತ ಯಾರು ಹೇಳಿದ್ರು ನಿಮಗೆ?"

"ಆ ಹುಡುಗಿ."

"ಬುಧವಾರ ನಾನೇ ಆ ಹುಡುಗಿಗೆ ಫೋನು ಮಾಡಿ ಶನಿವಾರ ಮಾಡಿಸಿದೆ. ಖಾತೆಯಲ್ಲಿ ನನ್ನ ಹೆಸರೂ ಇದೆ. ಹೇಳೋಕೆ ಅಂತ ಮೂರು ಸಲ ಬಾಗಿಲು ತಟ್ಟಿದೆ, ದೇವರ ವಾಕ್ಯಕ್ಕೆ ಅಡ್ಡ ಬರಬೇಡ ಅಂದ್ರಿ. ನೀವು ನಿನ್ನೆ ಸಂಜೆ ಆರಕ್ಕೆ ಆ ಗುಂಡಿ ಸುಮ್ನೆ ಒತ್ತಿದ್ರೆ ಪುಕ್ಕಟೆ ಆಗಿ ಮುಗಿದು ಹೋಗ್ತಿತ್ತು. ಹದಿನಾರು ಗಂಟೆ ಕಾಯಿಸಿ ದುಬಾರಿ ಮಾಡಿದ್ರಿ."

ಅಂದರೆ ನಾನು ಮಾಡಿದ್ದು ಪೂರ್ತಿ ದರದ ಪಾಪ. ರಿಯಾಯಿತಿ ಕೂಡ ಸಿಕ್ಕಿರಲಿಲ್ಲ. ನಾನು ಕುರ್ಚಿಯಲ್ಲಿ ಕುಸಿದೆ.

ಪಾದ್ರಿಗಳು ಕೈಚೌಕದಲ್ಲಿ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಅವರ ಭುಜ ನೋಡಿದರೆ ಗೊತ್ತಾಗುತ್ತಿತ್ತು. ಆಮೇಲೆ ಕಣ್ಣೊರೆಸಿಕೊಂಡು, "ನಾಲ್ಕು ಗಂಟೆಗೆ ಬನ್ನಿ ಮೊಸೆಸೆ. ಪ್ರಸಂಗ ಕೇಳೋಣ. ಪಟ್ಟಿಯ ಮಾತು ಆಮೇಲೆ" ಎಂದರು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಚರ್ಚಿನ ಮೆಟ್ಟಿಲ ಬಳಿ ಬಂದೆವು. ವಾರ್ತಾ ಇಲಾಖೆ ತನ್ನ ಕೆಲಸವನ್ನು ಚೊಕ್ಕಟವಾಗಿ ಮುಗಿಸಿತ್ತು. ಅರ್ಧ ಸುದ್ದಿಯನ್ನಷ್ಟೇ, ಏಕೆಂದರೆ ಆಕಾನೆಸಿಗೆ ಗೊತ್ತಿದ್ದದ್ದು ಅರ್ಧವೇ. ಹೆಂಗಸರು ಅತ್ತೆಯನ್ನು ಸುತ್ತುಗಟ್ಟಿದರು. ಒಬ್ಬಳು "ನಮ್ಮಮ್ಮಂಗೂ ಹೀಗೇ ಆಗ್ತಿತ್ತು, ಮನಸ್ಸಿಗೆ ಹಚ್ಚಿಕೊಬೇಡಿ" ಎಂದಳು. ಇನ್ನೊಬ್ಬಳು ಸಂಜೆಮೇಲೆ ನೀರು ಕಡಿಮೆ ಕುಡಿಯಿರಿ ಎಂದಳು. ಮೂರನೆಯವಳು ಮನೆಯಿಂದ ಮಡಿಚಿ ತಂದಿದ್ದ ರಬ್ಬರು ಹಾಳೆಯೊಂದನ್ನು ಮೆಲ್ಲಗೆ ಅತ್ತೆಯ ಕಂಕುಳಿಗೆ ಸಿಕ್ಕಿಸಿದಳು.

ಅತ್ತೆ ರಬ್ಬರು ಹಾಳೆಯ ಸಮೇತ ನನ್ನ ಬಳಿ ಬಂದರು.

"ಮೊಸೆಸೆ, ಈ ಸಭೇಲಿ ನಾನು ಐವತ್ತು ವರ್ಷ ತಲೆ ಎತ್ತಿಕೊಂಡು ಕೂತವಳು."

"ಗೊತ್ತು ಅತ್ತೆ."

"ಹೇಳ್ತೀಯಾ?"

"ಹೇಳ್ತೀನಿ."

ಪೀಠ ಹತ್ತಿದೆ. ಹದಿನೇಳು ಪುಟವನ್ನು ಮುಂದೆ ಇಟ್ಟೆ. ಕೆಳಗೆ ಮುನ್ನೂರು ಮುಖ, ಮೊದಲ ಸಾಲಿನಲ್ಲಿ ಅತ್ತೆ, ಅವರ ಪಕ್ಕದಲ್ಲಿ ಲುಪೆ. ಹನ್ನೊಂದು ವರ್ಷ ಕನಸು ಕಂಡ ಜಾಗ ಅದು. ಅಲ್ಲಿ ನಿಂತು ನಾನು ಹೇಳುವ ಮೊದಲ ವಾಕ್ಯ ಏನಿರಬೇಕೆಂದು ಎಷ್ಟು ಸಲ ಯೋಚಿಸಿದ್ದೆನೋ! ಪುಟಗಳನ್ನು ಮಗುಚಿಟ್ಟು ಹೇಳಿದೆ:

"ಬಂಧುಗಳೇ, ನನ್ನ ಅತ್ತೆಯವರು ಹಾಸಿಗೆ ಒದ್ದೆ ಮಾಡಿಕೊಳ್ಳುವುದಿಲ್ಲ."

ಹಿಂದಿನ ಸಾಲಿನಿಂದ ಕಿವಿ ಮಂದವಾದ ಮುದುಕರೊಬ್ಬರು "ಏನಂತೆ?" ಎಂದು ಕೂಗಿದರು.

"ಅತ್ತೆ ಹಾಸಿಗೆ ಒದ್ದೆ ಮಾಡಿಕೊಳ್ಳೋದಿಲ್ಲ ಅಂದೆ!"

"ಯಾರು ಮಾಡ್ಕೊಳ್ಳೋದಿಲ್ಲ?"

"ನನ್ನ ಅತ್ತೆ! ಒದ್ದೆ! ಮಾಡಿಕೊಳ್ಳೋದಿಲ್ಲ!"

ಹುಡುಗಿಯರ ಸಾಲು ಪೂರ್ತಿ ಹಾಡಿನ ಪುಸ್ತಕದ ಹಿಂದೆ ಮರೆಯಾ­ಯಿತು. ನಾನು ನಿಲ್ಲಿಸಲಿಲ್ಲ. ಫೋನಿನ ಹುಡುಗಿಯಿಂದ ಹಿಡಿದು ಪೂರ್ತಿ ದರದವರೆಗೆ ಎಲ್ಲವನ್ನೂ ಹೇಳಿದೆ. ಸಬ್ಬತ್ತಿಗೆ ಮೋಸಮಾಡಲು ಗುಂಡಿ ಒತ್ತಿದವನು ನಾನು, ನನ್ನ ಹೆಸರು ಉಳಿಯಲಿ ಎಂದು ತನ್ನ ಹೆಸರು ಕಳೆದುಕೊಂಡವರು ಅವರು, ಒದ್ದೆ ಮಾಡಿಕೊಂಡೆನೆಂದು ಅವರು ಹೇಳಿದ ಸುಳ್ಳು ನನ್ನ ಹದಿನೇಳು ಪುಟ ಸತ್ಯಕ್ಕಿಂತ ದೊಡ್ಡದು ಎಂದೆ. "ಹನ್ನೊಂದು ವರ್ಷದಿಂದ ಬಸ್ಸಿನಲ್ಲಿ ಕೂತವರಿಗೆಲ್ಲ ಅತ್ತೆಯ ದೂರು ಹೇಳಿಕೊಂಡು ಬಂದಿದ್ದೇನೆ. ನಿಮ್ಮಲ್ಲೂ ಬಹಳ ಜನ ಕೇಳಿದ್ದೀರಿ. ಇವತ್ತು ಅದನ್ನೆಲ್ಲ ವಾಪಸು ತಗೊಳ್ಳುತ್ತೇನೆ" ಎಂದೆ. ಅತ್ತೆ ತಲೆ ಎತ್ತಲಿಲ್ಲ. ಅವರ ಕೈಯಲ್ಲಿದ್ದ ಬೀಸಣಿಗೆ ಮಾತ್ರ ಜೋರಾಗಿ ಆಡುತ್ತಿತ್ತು.

"ಮಾಲೊ!" ಎಂದು ಹಿಂದಿನಿಂದ ಅದೇ ಮುದುಕರು ಮೆಚ್ಚಿ ಕೂಗಿದರು. ಆಮೇಲೆ ಎಲ್ಲ ಕಡೆಯಿಂದಲೂ "ಮಾಲೊ, ಮಾಲೊ" ಎಂದು ಬಂತು.

ಹೊರಗೆ ಪಾದ್ರಿಗಳು ನನ್ನ ಕೈ ಕುಲುಕಿ, "ಈ ಚರ್ಚಿನ ನಾಲ್ಕು ಗಂಟೆಯ ಆರಾಧನೆಯಲ್ಲಿ ಯಾರೂ ನಿದ್ದೆ ಮಾಡದ್ದನ್ನ ಇವತ್ತೇ ನೋಡಿದ್ದು. ಪಟ್ಟಿಗೆ ಹೆಸರು ಹಾಕ್ತೀನಿ" ಎಂದರು. ಫೊಲಾವು ನನ್ನನ್ನು ಕಂಬದ ಮರೆಗೆ ಎಳೆದುಕೊಂಡು ಹೋದರು. ಬೈಯುತ್ತಾರೆಂದುಕೊಂಡೆ. ಅತ್ತಿತ್ತ ನೋಡಿ, "ದಿನ ಬದಲಾಯಿಸೋಕೆ ಯಾವ ನಂಬರಿಗೆ ಫೋನು ಮಾಡ್ಬೇಕಂತೆ? ನಂಗೂ ಆ ಹುಡುಗಿ ಎಲ್ಲರೂ ಜೊತೆಗಿರೋ ದಿನ ಯಾವುದು ಅಂತ ಕೇಳಿದ್ಲು" ಎಂದು ಪಿಸುಗುಟ್ಟಿದರು.

ಕಾರಿನಲ್ಲಿ ಅತ್ತೆಯ ಬಾಯಿಂದ ಏನಾದರೂ ಒಂದು ಒಳ್ಳೆಯ ಮಾತು ಬಂದೀತೆಂದು ಕಾದೆ.

"ಪ್ರಸಂಗ ಪರವಾಗಿಲ್ಲ. ಆದ್ರೆ 'ಒದ್ದೆ' ಅಂತ ನಾಲ್ಕು ಸಲ ಹೇಳೋ ಅಗತ್ಯ ಇರಲಿಲ್ಲ" ಎಂದರು.

"ಅವರಿಗೆ ಕಿವಿ ಕೇಳಿಸಲ್ಲ ಅತ್ತೆ."

"ಉಳಿದ ಮುನ್ನೂರು ಜನಕ್ಕೆ ಕೇಳಿಸುತ್ತೆ." ಅಷ್ಟಕ್ಕೇ ಬಿಡದೆ, "ಇನ್ನೊಂದು ಮಾತು. ಭಾನುವಾರ ಒಗೆದ ಕಂಬಳಿ ನಾನು ಹೊದೆಯೋದಿಲ್ಲ. ನಾಳೆ ಇನ್ನೊಂದ್ಸಲ ಒಗಿ. ಆ ಮೆಷೀನಿನಲ್ಲಿ ಬೇಡ, ಅದಕ್ಕೆ ಪಾಪ ಅಂಟಿದೆ. ಕೈಯಲ್ಲಿ ಒಗಿ" ಎಂದರು. ಪ್ರಸಂಗಿಯಾದ ಅಳಿಯನಿಗೆ ಅವರು ಕೊಟ್ಟ ಮೊದಲ ಆಜ್ಞೆ. ಮರುಮಾತಾಡದೆ ಒಪ್ಪಿಕೊಂಡೆ.

ಸೋಮವಾರ ನನಗೆ ರಜೆ. ಬೆಳಗ್ಗೆಯೇ ಮನೆ ಮುಂದಿನ ನಲ್ಲಿಯ ಹತ್ತಿರ ದೊಡ್ಡ ತೊಟ್ಟಿ ಇಟ್ಟುಕೊಂಡು, ಪಂಚೆ ಮೇಲೆ ಕಟ್ಟಿ, ಅತ್ತೆಯವರ ಕಂಬಳಿಗಳನ್ನು ತುಳಿದು ತುಳಿದು ಒಗೆಯುತ್ತಿದ್ದೆ. ಹೊದಿಕೆಗಳನ್ನು ಆಗಲೇ ಬೇಲಿಯ ಮೇಲೆ ಹರವಿದ್ದೆ. ಆಕಾನೆಸಿ ಅಂಗಡಿಯಿಂದ ಬರುತ್ತಿದ್ದವರು ಗೇಟಿನ ಬಳಿ ನಿಂತರು. ತೊಟ್ಟಿ ನೋಡಿದರು, ಬೇಲಿ ನೋಡಿದರು, ನನ್ನನ್ನು ನೋಡಿದರು. ಅವರ ಕಣ್ಣು ತುಂಬಿಬಂತು.

"ಮತ್ತೆ ಆಯ್ತಾ?" ಎಂದರು ಮೆಲ್ಲಗೆ.

"ಇಲ್ಲ ಇಲ್ಲ! ಇದು ನಿನ್ನೇದೇ ಕಂಬಳಿ..."

"ನಿನ್ನೆ ಮೆಷೀನಲ್ಲಿ ಒಗೆದಾಗಿತ್ತಲ್ಲಪ್ಪ."

"ಅದು ಭಾನುವಾರ ಒಗೆದದ್ದು, ಅದಕ್ಕೇ..."

"ನಿನ್ನಂಥ ಅಳಿಯ ಯಾರಿಗೆ ಸಿಕ್ತಾನೆ ಮೊಸೆಸೆ! ಅತ್ತೆಯ ಮಾನ ಉಳಿಸೋಕೆ ಪೀಠದ ಮೇಲೆ ನಿಂತು ಎಲ್ಲ ತನ್ನ ಮೇಲೆ ಹಾಕ್ಕೊಂಡೆಯಲ್ಲ. ನಾನು ಯಾರಿಗೂ ಹೇಳೋದಿಲ್ಲ, ಆಣೆ" ಎಂದು ಸೆರಗಿನಂಥ ಶಾಲಿನಲ್ಲಿ ಕಣ್ಣೊರೆಸಿಕೊಂಡು, ನಿನ್ನೆಗಿಂತಲೂ ಬೇಗ ಬೇಗ ಹೆಜ್ಜೆ ಹಾಕುತ್ತ ಹೋದರು.

ಒಳಗೆ ಕಿಟಕಿಯ ಹಿಂದೆ ಅತ್ತೆ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಾನು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಬರುವ ಭಾನುವಾರ ನನಗೆ ಇನ್ನೊಂದು ಐದು ನಿಮಿಷ ಪೀಠ ಬೇಕೆಂದು ಕೇಳಲು ಪಾದ್ರಿಗಳಿಗೆ ಫೋನು ಮಾಡಿದೆ.